ಕ್ಯಾಮೆರಾಕ್ಕೆ ಕಟ್ಟಿದ ನಿಂಬೆಹಣ್ಣು

ನಮ್ಮ ಚಾಳಿನ ಪ್ಯಾಸೇಜಿನಲ್ಲಿ ಮಟಮಟ ಮಧ್ಯಾಹ್ನವೂ ಕತ್ತಲೆ. ಮುಂಬಯಿಯ ಘಾಟ್ಕೋಪರ್‌ನಲ್ಲಿ ಸುತ್ತ ಎತ್ತರದ ಬಿಲ್ಡಿಂಗುಗಳು ಎದ್ದ ಮೇಲೆ ಬೆಳಕು ಒಳಗೆ ಬರುವುದನ್ನೇ ಬಿಟ್ಟಿತು. ಚಪ್ಪಲಿ ಹೋದವು, ಸೈಕಲ್ ಹೋಯಿತು, ಕಡೆಗೆ ಒಬ್ಬರ ಗ್ಯಾಸ್ ಸಿಲಿಂಡರೇ ಹೋಯಿತು. ಇಡೀ ಚಾಳಿಗೆ ಕ್ಯಾಮೆರಾ ಹಾಕಿಸೋಣ ಎಂದು ಕಮಿಟಿಯವರು ಎದ್ದರು. ಆ ಕೆಲಸ ಗೊತ್ತಿದ್ದವರು ಚಾಳಿನಲ್ಲಿ ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ಎದುರು ಖೋಲಿಯ ನನ್ನ ಕಾಕಾನ ಮಗ. ಇಬ್ಬರೂ ನಿಮ್ಮ ನಿಮ್ಮ ಬಾಗಿಲಿಗೆ ಒಂದು ಹಾಕಿ ತೋರಿಸಿ, ಯಾರದು ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೋ ಅವರಿಗೆ ಕೆಲಸ ಎಂದ ಸೆಕ್ರೆಟರಿ.

ನನಗೆ ಅದು ಬೇಕಿತ್ತು. ನಾನು ದುಡಿಯುವ ಸೇಠನ ಅಂಗಡಿ ಬಿಟ್ಟು ನನ್ನ ಹೆಸರಲ್ಲಿ ಮಾಡುವ ಮೊದಲ ಕೆಲಸ. ಅದಕ್ಕಿಂತ ಹೆಚ್ಚಾಗಿ, ಅದು ಅವನಿಗೆ ಸಿಗಬಾರದಿತ್ತು. ಅವನು ನನಗಿಂತ ಚಿಕ್ಕವ. ವೈರ್ ಸುಲಿಯಲು ಕಲಿಸಿದವನೇ ನಾನು. ಈಗ ಬೊರಿವಲಿಯಿಂದ ಜನ ಅವನಿಗೆ ಫೋನ್ ಮಾಡಿ ಕರೆಯುತ್ತಾರೆ. ನನ್ನ ಅವ್ವ ಕೂಡ ಮಿಕ್ಸರ್ ಕೆಟ್ಟರೆ ಎದುರು ಬಾಗಿಲು ತಟ್ಟುತ್ತಾಳೆ, ನಾನು ಮನೆಯಲ್ಲಿ ಇರುವಾಗಲೇ.

ಹಾಕಿದ ದಿನ ನನ್ನ ಪಿಕ್ಚರ್ ಚೆನ್ನಾಗಿತ್ತು. ಸೆಕ್ರೆಟರಿ ಬರುವ ದಿನ ಮೊಬೈಲ್ ತೆರೆದರೆ ನಡುವೆ ಬೆಳ್ಳಗಿನ ಒಂದು ಗುಂಡು, ಸುತ್ತ ಕಪ್ಪು. ಏಣಿ ಹತ್ತಿದೆ. ಮುಂದೆ ನೇತಾಡುತ್ತಿದ್ದ ನಿಂಬೆಹಣ್ಣು, ಮೆಣಸಿನಕಾಯಿಯ ದಾರ ಸರಿಸಿ ಗಾಜು ಒರೆಸಿದೆ. ಇಳಿದು ನೋಡಿದರೆ ಅದೇ ಗುಂಡು. ಮತ್ತೆ ಹತ್ತಿದೆ, ಮತ್ತೆ ದಾರ ಸರಿಸಿದೆ, ಮತ್ತೆ ಒರೆಸಿದೆ. ಅಂದು ಶನಿವಾರ, ಶನಿವಾರ ನಮ್ಮ ಸಾಲಿನ ಎಲ್ಲ ಬಾಗಿಲಿಗೂ ಆ ದಾರ ಇರುತ್ತದೆ. ಅದನ್ನು ಯಾರು ನೋಡುತ್ತಾರೆ? ಇದು ಕಾಕಾನ ಮಗನದೇ ಕಿತಾಪತಿ ಎಂದುಕೊಂಡೆ.

ಸೆಕ್ರೆಟರಿ ಮೊಬೈಲ್ ಹಿಡಿದು ನೋಡಿದ.

"ಯೇ ಕ್ಯಾ ಹೈ ಭಾವು? ಚಾಂದ್ ದಿಖಾ ರಹೇ ಹೋ?"

ಆ ಬಿಳಿ ಗುಂಡು ಅವನಿಗೆ ಚಂದ್ರನಂತೆ ಕಂಡಿತ್ತು. ಹಿಂದೆ ನಿಂತವರೆಲ್ಲ ನಕ್ಕರು. ಅಷ್ಟರಲ್ಲಿ ಕಾಕಾನ ಮಗ ಹೊರಗೆ ಬಂದ. ಮೊಬೈಲ್ ನೋಡಲಿಲ್ಲ, ನೇರ ಮೇಲೆ ನೋಡಿದ.

"ಅಣ್ಣಾ, ಕ್ಯಾಮೆರಾಕ್ಕ ನಿಂಬಿಹಣ್ಣ ಯಾರ ಕಟ್ಟ್ಯಾರೋ?"

"ನಾನ ಕಟ್ಟೀನಿ," ಎಂದಳು ಅವ್ವ ಒಳಗಿನಿಂದ. "ಹೊಸಾ ಸಾಮಾನ. ದೃಷ್ಟಿ ತಾಗಬಾರದಂತ."

"ಯಾರ ದೃಷ್ಟಿ ದೊಡ್ಡವ್ವ? ನಂದೇನ?"

"ಮತ್ತ ಇನ್ಯಾರದಲೇ? ನಿನ್ನ ಖೋಲಿನ ಎದರಿಗಿ ಐತಲ್ಲ!"

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಕತ್ತಲಲ್ಲಿ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಮೂಗಿನ ಮುಂದೆಯೇ ಏನಾದರೂ ಇದ್ದರೆ ಅದಷ್ಟೇ ಹೊಳೆದು ಹಿಂದಿನದೆಲ್ಲ ಕಪ್ಪಾಗುತ್ತದೆ. ಒಂದು ಜೇಡರ ಬಲೆ ತೋರಿಸಿ ಇದನ್ನು ಅವನಿಗೆ ಕಲಿಸಿದ್ದೂ ನಾನೇ.

ಅವನು ದಾರ ಬಿಚ್ಚಿ ಬಾಗಿಲ ಚೌಕಟ್ಟಿಗೆ ಕಟ್ಟಿದ. ನನ್ನ ಪಿಕ್ಚರ್ ಬಂತು, ಕಪ್ಪು ಬಿಳುಪು. ಅವನದನ್ನು ತೆರೆದರೆ ಬಣ್ಣ ಬಣ್ಣ. ಬಾಗಿಲ ಪಕ್ಕ ಒಂದು ಸಣ್ಣ ಬಲ್ಬ್ ಹಾಕಿಟ್ಟಿದ್ದ, ಅಷ್ಟೇ. ಸೆಕ್ರೆಟರಿಯ ಅಂಗಿಯ ನೀಲಿಯೂ ಕಾಣುತ್ತಿತ್ತು. ಕೆಲಸ ಅವನಿಗೆ ಹೋಯಿತು.

"ಅಣ್ಣಾ, ನೀನೂ ಬಾ. ಕೂಡೇ ಮಾಡೂಣು."

"ನಂಗ ಗೋರೆಗಾಂವ್‌ದಾಗ ಕೆಲಸ ಐತಿ," ಎಂದೆ. ಯಾವ ಕೆಲಸವೂ ಇರಲಿಲ್ಲ.

ಅವ್ವ ಸುಮ್ಮನೆ ಹೆದರಿದ್ದಳು. ಅವನಿಗೆ ನನ್ನ ಮೇಲೆ ಕಣ್ಣೇ ಇರಲಿಲ್ಲ. ಕಣ್ಣು ಹಾಕುವಂಥದ್ದು ನನ್ನ ಹತ್ತಿರ ಏನಿತ್ತು? ಕೆಲಸ ಹೋದದ್ದಕ್ಕಿಂತ ಇದು ಹೆಚ್ಚು ಉರಿಯಿತು.

ಅವನು ಎಲ್ಲ ಹಾಕಿ ಮುಗಿಸಿದ ಮೇಲೆ ಒಂದು ಸಂಜೆ ಮೆಟ್ಟಿಲ ಹತ್ತಿರದ ಕ್ಯಾಮೆರಾದ ಕೆಳಗೆ ನಿಂತು ತಪ್ಪು ಹುಡುಕಿದೆ. ವೈರ್ ಜೋತುಬಿದ್ದಿದೆಯಾ, ಗೋಡೆಯ ಕಡೆ ವಾಲಿದೆಯಾ, ಬಲ್ಬ್ ಕಣ್ಣಿಗೆ ಹೊಡೆಯುತ್ತದಾ. ಏನೂ ಸಿಗಲಿಲ್ಲ. ಕಮಿಟಿ ರೂಮಿನಿಂದ ಸೆಕ್ರೆಟರಿ ಕೂಗಿದ.

"ಅರೇ ಭಾವು, ಐಸಾ ಮುಂಹ್ ಕ್ಯೋಂ ಬನಾಯಾ ಹೈ?"

ನನ್ನ ಮುಖಕ್ಕೆ ಏನಾಗಿದೆ ಎಂದು ಒಳಗೆ ಹೋದೆ. ಟಿವಿಯಲ್ಲಿ ಹಿಂದಕ್ಕೆ ತಿರುಗಿಸಿ ನನ್ನ ಮುಖ ತೋರಿಸಿದ. ಮೆಟ್ಟಿಲ ಮಂದ ಬೆಳಕಲ್ಲಿ ನಿಂತಿದ್ದರೂ ಹುಬ್ಬಿನ ನಡುವಿನ ಗಂಟು, ಕ್ಯಾಮೆರಾಕ್ಕೇ ನೆಟ್ಟ ಕಣ್ಣು, ಕಚ್ಚಿದ ಹಲ್ಲು ಎಲ್ಲ ಕಾಣುತ್ತಿತ್ತು. ಕಾಕಾನ ಮಗ ಪಕ್ಕದಲ್ಲೇ ಕೂತಿದ್ದ. ನೋಡಿದ, ಪಿಕ್ಚರ್ ಮುಂದಕ್ಕೆ ಓಡಿಸಿದ.