ಉಪವಾಸದ ದಿನ ದಾಲ್ಚಿನ್ನಿ ಬನ್ನು

ಬೋರ್ಗಿಲ್‌ಳಿಗೆ ಅರವತ್ತಾರು ವರ್ಷ. ನಲವತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದವಳು, ಬರಿಗೈಯಲ್ಲಿ ಯಾರ ಮನೆಗೂ ಹೋದವಳಲ್ಲ. ಹಾಗಾಗಿ ಜೀವನದಲ್ಲಿ ಮೊದಲ ಸಲ ಬ್ರೇಡ್‌ಹಾವ್ನ್‌ನ ಸಿನಗಾಗಿಗೆ, ಅಂದರೆ ಯೆಹೂದಿಗಳ ಪ್ರಾರ್ಥನಾಮಂದಿರಕ್ಕೆ, ಹೊರಟಾಗಲೂ ಮೂವತ್ತು ದಾಲ್ಚಿನ್ನಿ ಬನ್ನು ಮಾಡಿ ಬುಟ್ಟಿಗೆ ತುಂಬಿಕೊಂಡಳು. ಅಂದು ಯೋಮ್ ಕಿಪ್ಪುರ್, ಯೆಹೂದಿಗಳು ಹನಿ ನೀರೂ ಮುಟ್ಟದ ದಿನ. ಪಾಪ, ಅದನ್ನು ಹೇಳಿಕೊಡಲು ಅವಳಿಗೆ ಯಾರಿದ್ದರು?

ಹೇಳಬೇಕಾದವಳು ತಾಯಿ. ಅವಳು ಯೆಹೂದಿಗಳನ್ನು ಹಿಡಿದೊಯ್ಯುತ್ತಿದ್ದ ಯುದ್ಧಕಾಲದಲ್ಲಿ ಈ ಊರು ಬಿಟ್ಟು, ಹಿಮದ ಗುಡ್ಡ ದಾಟಿ ಸ್ವೀಡನ್‌ಗೆ ಓಡಿಹೋದ ಹುಡುಗಿ. ಮನೆಯವರು ಒಬ್ಬರೂ ಉಳಿದಿಲ್ಲವೆಂದು ತಿಳಿದ ಮೇಲೆ ಮತ್ತೆ ಇತ್ತ ತಲೆ ಹಾಕಲಿಲ್ಲ. ಉತ್ತರದ ಮೀನುಗಾರರ ಹಳ್ಳಿಯೊಂದರಲ್ಲಿ ಹೆಸರು ಬದಲಿಸಿ, ಮದುವೆಯಾಗಿ, ಬಾಯಿಗೆ ಬೀಗ ಹಾಕಿಕೊಂಡು ಬದುಕಿದಳು. ಹೋದ ಚಳಿಗಾಲದಲ್ಲಿ ಸಾಯುವ ಮುಂಚೆ ಮಗಳಿಗೆ ಹೇಳಿದ್ದು ಇಷ್ಟೇ: “ನಾವು ಯೆಹೂದಿಗಳು ಕಣೇ. ನನ್ನ ಹೆಸರು ರಿವ್ಕಾ. ಅಪ್ಪ ಟೋಪಿ ಹೊಲೀತಿದ್ದ.”

ಆ ಹೆಸರು ಒಮ್ಮೆಯಾದರೂ ತನ್ನವರ ನಡುವೆ ಕೇಳಿಸಬೇಕೆಂಬುದು ಬೋರ್ಗಿಲ್‌ಳ ಆಸೆ. ಸಿನಗಾಗಿಗೆ ಫೋನ್ ಮಾಡಿದಾಗ, ಬುಧವಾರ ಹನ್ನೊಂದಕ್ಕೆ ತೀರಿಕೊಂಡವರ ಹೆಸರು ಓದುತ್ತೇವೆ, ಬನ್ನಿ ಎಂದರು. ಉಪವಾಸ ಗೊತ್ತಿಲ್ಲದವರೂ ಇರುತ್ತಾರೆಂದು ಅವರಿಗೆ ಹೊಳೆಯಲಿಲ್ಲ.

ಅವಳು ಒಳಗೆ ಕಾಲಿಟ್ಟದ್ದೇ ತಡ, ಬೆಣ್ಣೆ ದಾಲ್ಚಿನ್ನಿಯ ಘಮ ಸಭೆಯೆಲ್ಲ ಹರಡಿತು. ಪ್ರಾರ್ಥನೆ ಮುಗ್ಗರಿಸಿತು. ಹೆಂಗಸರ ಸಾಲಿನಿಂದ ಎಂಬತ್ತೈದರ ಡೋರಾ ತಿರುಗಿ ನೋಡಿದಳು.

“ಏನಮ್ಮಾ, ನಮ್ಮನ್ನ ಪರೀಕ್ಷೆ ಮಾಡಕ್ಕೆ ಬಂದಿದೀಯಾ? ಇವತ್ತು ಉಪವಾಸ.”

ಬೋರ್ಗಿಲ್‌ಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ನಂಗೆ ಗೊತ್ತಿರ್ಲಿಲ್ಲ. ಹೋಗ್ಬಿಡ್ತೀನಿ.”

“ಎಲ್ಲಿಗೆ? ಕೂತ್ಕೋ. ಬುಟ್ಟಿ ಬೆಂಚಿನ ಕೆಳಗಿಟ್ಟು ಕೋಟು ಮುಚ್ಚು. ಯಾರಿಗೋಸ್ಕರ ಬಂದೆ?”

“ನಮ್ಮಮ್ಮಂಗೆ. ರಿವ್ಕಾ ಅಂತ. ಉತ್ತರದ ಮೀನುಗಾರರ ಹಳ್ಳೀಲಿದ್ಲು, ಹೋದ ಚಳಿಗಾಲದಲ್ಲಿ ತೀರ್ಕೊಂಡ್ಲು. ಅವಳ ಹೆಸರು ಓದ್ಸಬೇಕಿತ್ತು. ತಾತ ಟೋಪಿ ಹೊಲೀತಿದ್ರಂತೆ.”

ಡೋರಾ ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. “ಟೋಪಿ ಮೆಂಡೆಲ್ ಮಗಳು ರಿವ್ಕಾನಾ? ಎಡಗೆನ್ನೇಲಿ ಮಚ್ಚೆ ಇತ್ತಾ?”

ಬೋರ್ಗಿಲ್ ಹೌದೆಂದು ತಲೆಯಾಡಿಸಿದಳು.

“ಹಾಗಾದ್ರೆ ಸುಮ್ನೆ ಕೇಳು.”

ಯುದ್ಧದಲ್ಲಿ ಹೋದವರ ಪಟ್ಟಿ ಆಗಲೇ ಶುರುವಾಗಿತ್ತು. ಹತ್ತನೆಯದೋ ಹನ್ನೊಂದನೆಯದೋ ಹೆಸರು: ಮೆಂಡೆಲ್‌ನ ಮಗಳು ರಿವ್ಕಾ.

“ಗುಡ್ಡದಲ್ಲೇ ಹೋದ್ಲು ಅಂದ್ಕೊಂಡಿದ್ವಿ,” ಎಂದಳು ಡೋರಾ, ಅಳುತ್ತಲೇ ನಗುತ್ತ. “ಅವತ್ತಿಂದ ಒಂದು ವರ್ಷನೂ ಅವಳ ಹೆಸರು ಓದೋದು ಬಿಟ್ಟಿಲ್ಲ. ಕಳ್ಳಿ, ನಾನಿಲ್ಲಿ ಅಳ್ತಾ ಕೂತಿದ್ರೆ ಅವಳು ಅಲ್ಲಿ ಮೀನು ತಿಂತಿದ್ಲಾ?”

ಬೋರ್ಗಿಲ್‌ಳಿಗೆ ಅಳು ಉಕ್ಕಿ ಬಂತು. ನನ್ನವರು ಯಾರೂ ಇಲ್ಲವೆಂದು ಅಮ್ಮ ಬಾಯಿ ಕಟ್ಟಿಕೊಂಡಿದ್ದ ಅಷ್ಟೂ ವರ್ಷ ಇಲ್ಲಿ ಅವಳ ಹೆಸರು ಕರೆಯುತ್ತಲೇ ಇದ್ದರು. ಅಮ್ಮನಿಗೆ ಇದೊಂದು ತಿಳಿಯಬೇಕಿತ್ತು.

ಸಂಜೆಯವರೆಗೂ ಅವಳು ಎಲ್ಲರೊಂದಿಗೆ ಹಸಿದು ಕೂತಳು. ಕೊಂಬು ಊದಿ ಉಪವಾಸ ಮುಗಿದದ್ದೇ ಡೋರಾ ಬೆಂಚಿನ ಕೆಳಗೆ ಕೈ ಹಾಕಿದಳು.

“ಬೆಣ್ಣೆ ತಾನೇ? ಹಂದಿ ಕೊಬ್ಬಲ್ಲ ತಾನೇ?”

“ಬೆಣ್ಣೇನೇ.”

ಡೋರಾ ಒಂದು ಬನ್ನು ಪೂರ್ತಿ ತಿಂದು ಬೆರಳು ನೆಕ್ಕಿದಳು. “ಮುಂದಿನ ವರ್ಷನೂ ಮಾಡ್ಕೊಂಡು ಬಾ. ಆದ್ರೆ ಬುಟ್ಟಿಗೆ ಮುಚ್ಚಳ ಇರ್ಲಿ.”