ತೂಕದಕ್ಕನ ಬೆರಳು

ನೀರು ಶುದ್ಧೀಕರಣ ಘಟಕದಲ್ಲಿ ಅವಳನ್ನು ಎಲ್ಲರೂ ತೂಕದಕ್ಕ ಎನ್ನುತ್ತಿದ್ದರು. ನೀರಿಗೆ ಬೆರೆಸುವ ಕ್ಲೋರಿನ್ ಸಿಲಿಂಡರು ಬಂದಾಗಲೆಲ್ಲ ಅದರಲ್ಲಿ ಕಲ್ಮಶವಿದೆಯೇ ಎಂದು ನೋಡುವುದು ಇಪ್ಪತ್ತಾರು ವರ್ಷಗಳಿಂದ ಅವಳದೇ ಕೆಲಸ. ಮೊದಲು ಖಾಲಿ ಗಾಜಿನ ಫ್ಲಾಸ್ಕನ್ನು ತೂಗುವಳು. ಅದಕ್ಕೆ ಒಂದಿಷ್ಟು ದ್ರವ ಕ್ಲೋರಿನ್ ಇಳಿಸಿ, ಹೊಗೆಗೂಡಿನ ಕೆಳಗಿಟ್ಟು, ಅದು ತಾನಾಗಿ ಅನಿಲವಾಗಿ ಹಾರಿಹೋಗುವ ತನಕ ಕಾಯುವಳು. ಆಮೇಲೆ ಮತ್ತೆ ತೂಕ. ಖಾಲಿ ತೂಕಕ್ಕಿಂತ ಹೆಚ್ಚು ಬಂದಷ್ಟೂ ಕೊಳೆ. ಫ್ಲಾಸ್ಕನ್ನು ಇಕ್ಕಳದಲ್ಲೇ ಹಿಡಿಯಬೇಕು. ಆ ತಕ್ಕಡಿಗೆ ಕೈಬೆವರೂ ಭಾರವೇ.

ಅಂದು ಕೊಳೆ ಮಿತಿ ಮೀರಿತ್ತು. ಸಿಲಿಂಡರಿನ ಮೇಲೆ ಸೀಮೆಸುಣ್ಣದಲ್ಲಿ ‘ವಾಪಸ್’ ಎಂದು ಬರೆದು ಬಂದಳು. ಹಳೆಯ ಸಿಲಿಂಡರು ಸಂಜೆಗೆ ಮುಗಿಯುತ್ತಿತ್ತು. ಇದೂ ಹೋದರೆ ನಾಳೆ ಊರಿಗೆ ನೀರಿಲ್ಲ.

ಅಲ್ಲೇ ಸಿಲಿಂಡರು ಏರಿಸಿ ಇಳಿಸುವ ಅವಳ ಮೈದುನ ಬಾಗಿಲಲ್ಲಿ ನಿಂತು ಕೆಣಕಿದ. “ಏನತ್ತಿಗೆ, ನಾಳೆ ಊರೋರೆಲ್ಲ ಕೊಡ ಹಿಡ್ಕೊಂಡು ನಿಮ್ಮನೆ ಮುಂದೇನೇ ನಿಲ್ತಾರೆ. ಬಾಗ್ಲು ಭದ್ರ ಮಾಡ್ಕೊಳ್ಳಿ.”

“ಕೊಳೆ ಕುಡಿಸೋದಕ್ಕಿಂತ ಕೊಡದ ಏಟೇ ವಾಸಿ ಕಣಪ್ಪ. ಹೋಗು, ಲಾರಿಗೆ ಹಾಕು.”

ಅವನು ಅತ್ತ ಹೋದ. ಇತ್ತ ಇಕ್ಕಳ ಎತ್ತಿಡುವಾಗ ಅವಳ ತೋರುಬೆರಳು ಚುರ್ರೆಂದಿತು. ಬೆಳಿಗ್ಗೆ ಒಲೆಯ ಹತ್ತಿರ ಸುಟ್ಟುಕೊಂಡು ಮುಲಾಮು ಹಚ್ಚಿದ್ದ ಬೆರಳು. ಎರಡನೇ ಸಲ ತೂಗುವಾಗ ಇಕ್ಕಳ ಜಾರಿತೆಂದು ಫ್ಲಾಸ್ಕಿನ ತಳಕ್ಕೆ ಅದೇ ಬೆರಳು ಕೊಟ್ಟಿದ್ದಳಲ್ಲ! ಫ್ಲಾಸ್ಕನ್ನು ಇಕ್ಕಳದಲ್ಲಿ ಎತ್ತಿದಳು. ಬೆಳಕಿಗೆ ಹಿಡಿದು ನೋಡಿದಳು. ತಳದ ಹೊರಗೆ ಜಿಡ್ಡಿನ ಗುರುತು ಅಚ್ಚೊತ್ತಿದಂತೆ ಕುಳಿತಿತ್ತು.

ಯಾರೂ ನೋಡಿರಲಿಲ್ಲ. ಇಷ್ಟು ವರ್ಷ ಅವಳ ಮಾತನ್ನು ಯಾರೂ ಮರುಪ್ರಶ್ನಿಸಿದವರಿಲ್ಲ. ಈಗ ತಪ್ಪಾಯಿತೆಂದರೆ, ಮುಂದೆ ನಿಜವಾದ ಕೊಳೆ ಬಂದಾಗ ನಂಬುವವರು ಯಾರು? ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ. ಇಲ್ಲಿ ಉಪ್ಪು ತಿಂದವಳು ತಾನು, ನೀರು ತಪ್ಪುವುದು ಊರಿಗೆ.

ಕಿಟಕಿಯಿಂದ ಕೂಗಿದಳು. “ಏ, ಲಾರಿ ನಿಲ್ಸೋ! ತಪ್ಪು ನಂದು!”

ಬೇರೆ ಫ್ಲಾಸ್ಕು ತೆಗೆದು ಮೊದಲಿಂದ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ತೂಕ ಮಿತಿಯೊಳಗೇ ಬಂತು. ಘಟಕದ ಎಂಜಿನಿಯರು ದನಿ ತಗ್ಗಿಸಿ ಹೇಳಿದ, “ತಕ್ಕಡಿ ಕೆಟ್ಟಿತ್ತು ಅಂತ ಬರೀರಿ ಅಕ್ಕ, ಮುಗೀತು.”

“ಬಾಯಿಲ್ಲದ ತಕ್ಕಡಿ ಮೇಲೆ ಯಾಕೆ ಸಾರ್ ಹೊರಿಸೋದು?”

‘ನನ್ನ ಬೆರಳಿನ ಮುಲಾಮು ತಾಗಿತ್ತು’ ಎಂದು ದಾಖಲೆ ಪುಸ್ತಕದಲ್ಲಿ ಬರೆದಳು. ಸೀಮೆಸುಣ್ಣದ ಅಕ್ಷರವನ್ನು ತಾನೇ ಹೋಗಿ ಒರೆಸಿದಳು.

ಎರಡು ವಾರ ಕಳೆಯಿತು. ಇನ್ನೊಂದು ಸಿಲಿಂಡರಿನ ಮೇಲೆ ಅವಳು ‘ವಾಪಸ್’ ಬರೆದಾಗ ಎಂಜಿನಿಯರು ನೇರ ಅವಳ ಕೋಣೆಗೆ ಬಂದ.

“ಅಕ್ಕ, ಬೆರಳು ತೋರ್ಸಿ.”

ಅವಳು ಸಿಡುಕಲಿಲ್ಲ. ಹತ್ತೂ ಬೆರಳು ಚಾಚಿ, ತಿರುಗಿಸಿ ತೋರಿಸಿದಳು. ಆಮೇಲೆ ಫ್ಲಾಸ್ಕನ್ನು ಇಕ್ಕಳದಲ್ಲಿ ಎತ್ತಿ ಹಿಡಿದಳು. ಒಳಗೆ ತಳದಲ್ಲಿ ಕಂದು ಜಿಡ್ಡು.

ಎಂಜಿನಿಯರು ಬಾಗಿಲಲ್ಲಿದ್ದ ಮೈದುನನ ಕಡೆ ತಿರುಗಿದ. “ಲಾರಿಗೆ ಹಾಕಪ್ಪ.”