ಆರ್ವಿಲ್ಲನ ಗಾಡಿಗೆ ಉಸಿರು

ನೆವಾರ್ಕಿನ ಶಿವರಾಮು ಹೊಟ್ಟೆಪಾಡಿಗೆ ಮಾಡುವುದು ಎಲೆಕ್ಟ್ರಿಕ್ ಕಾರಿನ ಕೆಲಸ. ಪೆಟ್ರೋಲಿನ ವಾಸನೆಯೇ ಇಲ್ಲದ ಆಫೀಸಿನಿಂದ ಬಂದವನು ಎರಡು ತಿಂಗಳಿಂದ ಗ್ಯಾರೇಜಿನಲ್ಲಿ ಒಂದು ಹಳೆಯ ಸ್ನೋಮೊಬೈಲಿನ ಮುಂದೆ ಮಂಡಿಯೂರಿರುತ್ತಿದ್ದ. ಅದು ಹಿಮದ ಮೇಲೆ ಓಡುವ ಗಾಡಿ. ಪಶ್ಚಿಮ ಕರಾವಳಿಯ ಈ ನೆವಾರ್ಕಿನಲ್ಲಿ ಹಿಮ ಬೀಳುವುದಿಲ್ಲ. ಇದೇನು ಹುಚ್ಚು ಎಂದು ಕೇಳಿದವರಿಗೆ ಅವನು ಹೆಂಡತಿಯ ಬಯಕೆಯಿಂದ ಕಥೆ ಶುರುಮಾಡುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಎಂಟು ತಿಂಗಳ ಬಸುರಿ ವಾಣಿಶ್ರೀಗೆ ಹಿಮ ಮುಟ್ಟಿ ನೋಡುವ ಬಯಕೆಯಾಯಿತು. ಬಸುರಿಯ ಬಯಕೆಗೆ ಇಲ್ಲ ಎನ್ನಬಾರದೆಂದು ಕೇಳಿ ಬೆಳೆದ ಮಂಡ್ಯದ ಗಂಡು, ಹವಾಮಾನವನ್ನೂ ನೋಡದೆ ಅವಳನ್ನು ಟಾಹೋ ಬೆಟ್ಟಕ್ಕೆ ಕರೆದೊಯ್ದ. ಒಂದು ಕವಲುದಾರಿಯಲ್ಲಿ ಕಾರು ಹೂತುಹೋಯಿತು, ಅವಳಿಗೆ ನೋವು ಶುರುವಾಯಿತು. ಆಗ ಬಂದವನು ಆರ್ವಿಲ್, ಬೆಟ್ಟದ ಮೇಲೆ ಒಂಟಿಯಾಗಿರುವ ಮುದುಕ. ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿ, ಇದೇ ಗಾಡಿಯಲ್ಲಿ ಕೂರಿಸಿಕೊಂಡು, ಆಂಬುಲೆನ್ಸು ನಿಂತಿದ್ದ ಹೆದ್ದಾರಿಗೆ ಇಳಿಸಿದ. ಶಿವರಾಮು ಮಂಡಿಯುದ್ದ ಹಿಮದಲ್ಲಿ ಏಳುತ್ತಾ ಬೀಳುತ್ತಾ ಹಿಂದೆ ಓಡಿದ. ಮರುದಿನ ಹುಟ್ಟಿದ ವಿಭಾ ಈಗ ಅಪ್ಪನ ಭುಜದೆತ್ತರಕ್ಕೆ ಬೆಳೆದಿದ್ದಾಳೆ.

ಆರ್ವಿಲ್ಲನಿಗೆ ಈಗ ಎಪ್ಪತ್ತೆಂಟು. ಎಂಟು ಸಾವಿರ ಅಡಿ ಎತ್ತರದಲ್ಲಿ ಗಾಳಿ ತೆಳು. ಮುದಿ ಎಂಜಿನ್ನು ಸೌದೆ ಎಳೆದುಕೊಂಡು ಅವನ ಮನೆಯ ಕೊನೆಯ ಏರು ಹತ್ತಲಾರದು. ಇಳಿದು ತಳ್ಳೋಣವೆಂದರೆ ಅವನ ಮಂಡಿಯೂ ಕೈಕೊಟ್ಟಿದೆ. ಗಾಡಿ ಏರದಿದ್ದರೆ ಈ ಚಳಿಗಾಲಕ್ಕೇ ಮನೆ ಬಿಡಬೇಕು. ಶಿವರಾಮು ಹೊಸ ಗಾಡಿ ಕೊಡಿಸುತ್ತೇನೆಂದರೆ ಮುದುಕ ಬಿಲ್‌ಕುಲ್ ಒಪ್ಪಲಿಲ್ಲ. ಹಳೆಯದನ್ನಾದರೆ ಕಣ್ಣು ಮುಚ್ಚಿಕೊಂಡು ರಿಪೇರಿ ಮಾಡಬಲ್ಲೆ ಎಂದ. ಕಡಿಮೆ ಇರುವುದು ಗಾಳಿ ತಾನೇ, ಗಾಳಿಯನ್ನೇ ತುಂಬೋಣವೆಂದು ಶಿವರಾಮು ಅದನ್ನು ಟ್ರೇಲರಿನಲ್ಲಿ ಹೊತ್ತು ತಂದ.

ಗುಜರಿ ಕಾರಿನಿಂದ ಕಿತ್ತ ಬ್ಲೋಯರು, ಬೆಲ್ಟು, ತಾನೇ ಬೆಸೆದ ಅಲ್ಯೂಮಿನಿಯಂ ಡಬ್ಬಿ. ಗಾಳಿಯನ್ನು ಒತ್ತಿ, ಅದಕ್ಕೆ ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ಬಾಯಿಗೆ ತುಂಬುವ ಸೂಪರ್‌ಚಾರ್ಜರು ಹೀಗೆ ತಯಾರಾಯಿತು. ಆದರೆ ಗಾಳಿ ಹೆಚ್ಚಿದಷ್ಟೂ ಎಂಜಿನ್ನು ಕೆಮ್ಮಿತು. ಜೋರಾಗಿ ಓಡಿಸಿದರೆ ಹೊಂದಿಕೊಂಡೀತು ಎಂದುಕೊಂಡ ನಮ್ಮ ಬ್ಯಾಟರಿ ಪಂಡಿತ. ಹಾಗೆ ಓಡಿಸಿದ್ದರೆ ಬಿಸಿ ಏರಿ ಪಿಸ್ಟನ್ನೇ ಕರಗುತ್ತಿತ್ತು, ಆ ಮಾಡೆಲಿನ ಪಿಸ್ಟನ್ನು ಈಗ ಎಲ್ಲೂ ಸಿಗುವುದಿಲ್ಲ.

ಅವನು ಜೋರಾಗಿ ಓಡಿಸಿ ನೋಡಲು ಗೊತ್ತುಮಾಡಿದ್ದ ಶನಿವಾರವೇ ಆಯುಧಪೂಜೆ ಬಂತು. ಆರು ತಿಂಗಳ ಮಟ್ಟಿಗೆ ಬಂದಿದ್ದ ತಾಯಿ ಹುಚ್ಚಮ್ಮ ಸ್ಪ್ಯಾನರುಗಳಿಗೆಲ್ಲ ಕುಂಕುಮವಿಟ್ಟರು. ಗಾಡಿಯ ಚಕ್ರಕ್ಕೆಂದು ನಿಂಬೆಹಣ್ಣು ಹಿಡಿದು ಸುತ್ತ ಬಂದು, ಚಕ್ರವೇ ಕಾಣದೆ, ಮುಂದಿನ ಜಾರುಪಟ್ಟಿಗಳ ಕೆಳಗೆ ಇಟ್ಟರು.

"ಇನ್ನು ನಾಳೆ ಬೆಳಗ್ಗೆವರ್ಗೂ ಮುಟ್ಟಂಗಿಲ್ಲ ಕಣ್ಲಾ. ಅದ್ಕೂ ಒಂದಿನ ರಜ ಬ್ಯಾಡ್ವಾ?"

"ಅವ್ವಾ, ನಂಗೆ ಟೈಮಿರೋದೇ ವೀಕೆಂಡು."

"ಸುಮ್ಕೆ ಕೂತ್ಕ."

ಕೂತ. ಎರಡು ತಿಂಗಳಲ್ಲಿ ಮೊದಲ ಸಲ ಕೈಯಲ್ಲಿ ಸ್ಪ್ಯಾನರಿಲ್ಲದೆ ಗಾಡಿಯನ್ನು ನೋಡಿದ. ಹುಚ್ಚಮ್ಮ ಪಕ್ಕದಲ್ಲಿ ಕೂತು ಪುರಿ ತಿನ್ನುತ್ತಾ, ಅದು ಯಾಕೆ ಕೆಮ್ಮುತ್ತದೆ ಎಂದು ಕೇಳಿದರು.

"ಗೊತ್ತಾಯ್ತಿಲ್ಲ ಕಣವ್ವ. ಗಾಳಿ ಚೆನ್ನಾಗೇ ಹೋಯ್ತದೆ."

"ಎಣ್ಣೆ ಎಲ್ಲದೆ?"

ಕಾರ್ಬುರೇಟರಿನ ಅಡಿಯಲ್ಲಿರುವ ಪೆಟ್ರೋಲಿನ ಪುಟ್ಟ ಬಟ್ಟಲನ್ನು ಅವನು ತೋರಿಸಿದ.

"ಅದರೊಳಕ್ಕೂ ಗಾಳಿ ಹೊಡ್ದ್ಯಾ? ಪಂಪ್ ಸ್ಟವ್ವು ಮರ್ತೋಯ್ತಾ ನಿಂಗೆ? ಟ್ಯಾಂಕಿಗೆ ಗಾಳಿ ಹೊಡೀದೆ ಸೀಮೆಎಣ್ಣೆ ಮ್ಯಾಕ್ಕೆ ಬತ್ತಿತ್ತಾ?"

ಶಿವರಾಮುವಿನ ಕೈಯಲ್ಲಿದ್ದ ಪುರಿ ಅಲ್ಲೇ ನಿಂತಿತು. ಬಾಯಿಗೆ ಒತ್ತಿದ ಗಾಳಿ, ಬಟ್ಟಲಿಗೆ ಬರೀ ಹೊರಗಿನ ಗಾಳಿ. ಪೆಟ್ರೋಲು ಮೇಲೇಳುವುದಾದರೂ ಹೇಗೆ? ಇಂಥ ತಾಯಿಯನ್ನು ಕೊಟ್ಟ ದೇವರಿಗೆ ಅವನು ಮನಸ್ಸಿನಲ್ಲೇ ಕೈಮುಗಿದ. ವಿಜಯದಶಮಿಯ ಬೆಳಗ್ಗೆ ಒತ್ತಿದ ಗಾಳಿಯ ಡಬ್ಬಿಯಿಂದ ಬಟ್ಟಲಿಗೊಂದು ರಬ್ಬರ್ ಕೊಳವೆ ಎಳೆದ. ಆ ಒತ್ತಡದೆದುರು ಬಟ್ಟಲಿಗೆ ಪೆಟ್ರೋಲು ತುಂಬಲು ಬಿರುಸಾದ ಪಂಪನ್ನೂ ಹಾಕಿದ. ಕೆಮ್ಮು ನಿಂತಿತು.

ಡಿಸೆಂಬರಿನಲ್ಲಿ ಎಲ್ಲರೂ ಬೆಟ್ಟಕ್ಕೆ ಹೋದರು. ಸೀರೆಯ ಮೇಲೆ ಮಗನ ಜಾಕೆಟ್ಟು ತೊಟ್ಟ ಹುಚ್ಚಮ್ಮ ಆರ್ವಿಲ್ಲನ ಎರಡೂ ಕೈ ಹಿಡಿದುಕೊಂಡರು.

"ನನ್ ಸೊಸೆ ಮೊಮ್ಮಗಳನ್ನ ಉಳಿಸ್ಕೊಟ್ಟೆ. ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ."

ವಿಭಾ ಒಂದು ಗಳಿಗೆ ಯೋಚಿಸಿ, ಬೆಚ್ಚಗಿರಬೇಕಂತೆ ಎಂದು ಮುದುಕನಿಗೆ ಇಂಗ್ಲಿಷಿನಲ್ಲಿ ಹೇಳಿದಳು.

ಗಾಡಿಯ ಹಿಂದೆ ಸೌದೆ ತುಂಬಿದ ಜಾರುಬಂಡಿ ಕಟ್ಟಿದರು. ಆರ್ವಿಲ್ ಹಿಂದಿನ ಸೀಟು ತಟ್ಟಿ ವಿಭಾಳನ್ನು ಕರೆದ. ಇಬ್ಬರೂ ಮರಗಳ ನಡುವೆ ಮರೆಯಾದರು. ಕೊನೆಯ ಏರು ಬರುವ ಹೊತ್ತಿಗೆ ಶಿವರಾಮು ಉಸಿರು ಬಿಗಿಹಿಡಿದ. ಸದ್ದು ಕುಗ್ಗಲಿಲ್ಲ, ಒಂದೇ ಸಮನೆ ಮೇಲೇರಿ ದೂರವಾಯಿತು.

"ಅವತ್ತು ನನ್ನ ಹೊಟ್ಟೇಲಿ ಕೂತು ಇಳಿದ್ಲು," ಎಂದಳು ವಾಣಿಶ್ರೀ.

ಅರ್ಧ ಗಂಟೆಯಲ್ಲಿ ಮೇಲೆ ಆರ್ವಿಲ್ಲನ ಮನೆಯ ಚಿಮಣಿಯಿಂದ ಹೊಗೆ ಎದ್ದಿತು. ಶಿವರಾಮು ನಾಚಿಕೆಯಿಲ್ಲದೆ ಅಳುತ್ತಾ ಅದನ್ನೇ ನೋಡುತ್ತಾ ನಿಂತ.